ಧಾರೆಸೀರೆಯ ದಾರುಣ ಚರಿತ್ರೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮದುವೆ ಉಡುಪನ್ನು ಕುರಿತು ಒಂದು ಘನ ಪ್ರಬಂಧ

ಪೀಠಿಕೆ

ಉಡುಪಿನ ಚರಿತ್ರೆ ಬರೆದ ಪಾಶ್ಚಾತ್ಯ ಪಂಡಿತರೆಲ್ಲ ಒಂದು ವಿಷಯದಲ್ಲಿ ಒಮ್ಮತ ತಾಳಿದ್ದಾರೆ. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಬಿಳಿಯ ರೇಷ್ಮೆ ಸ್ಯಾಟಿನ್ ಗೌನು ತೊಟ್ಟು ಆಲ್ಬರ್ಟನ ಕೈಹಿಡಿದಳಲ್ಲ, ಮದುವೆ ಉಡುಪಿನ ಆಧುನಿಕ ಯುಗ ಅಂದೇ ಉದಯಿಸಿತಂತೆ. ಈ ಮತವನ್ನು ಪ್ರಕೃತ ಲೇಖಕರು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಿಂತು, ಎರಡೂ ಕೈಯಲ್ಲಿ ಜವಳಿ ಚೀಲ ಹಿಡಿದವರ ನೂಕುನುಗ್ಗಲಿನ ನಡುವೆಯೇ ಖಂಡಿಸುತ್ತಾರೆ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಧಾರೆಗೆ ಕೂರುವ ಹೆಣ್ಣು ಕೆಂಪಂಚಿನ ಬಿಳಿ ಸೀರೆಯನ್ನೇ ಉಡುತ್ತ ಬಂದಿದ್ದಾಳೆ. 1840ರಲ್ಲಿ ಕೊಳ್ಳೇಗಾಲ ತಾಲ್ಲೂಕು ಈಸ್ಟ್ ಇಂಡಿಯಾ ಕಂಪನಿಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲದ ತಹಶೀಲ್ದಾರರಿಂದ ಕೊಯಮತ್ತೂರಿನ ಕಲೆಕ್ಟರಿಗೆ, ಕಲೆಕ್ಟರಿಂದ ಮದರಾಸಿಗೆ, ಮದರಾಸಿನಿಂದ ಲಂಡನ್ನಿಗೆ ಕಡತಗಳು ಹೋಗುತ್ತಲೇ ಇದ್ದವು. ಬಿಳಿ ಬಣ್ಣದ ವಿಚಾರ ಯಾವ ದಾರಿಯಿಂದ ಅರಮನೆ ಸೇರಿತೆಂಬುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಸ್ತ್ರಕ್ಕೆ ಮೊದಲು ಲಕ್ಷಣ ಬೇಕು. ನಮ್ಮ ಸೂತ್ರ ಹೀಗಿದೆ: ಒಬ್ಬರು ಸಾಲ ತಂದು, ಇನ್ನೊಬ್ಬರು ಆರಿಸಿ, ಮೂರನೆಯವರು ಉಟ್ಟು, ನಾಲ್ಕನೆಯವರು ಆಡಿಕೊಳ್ಳುವ ವಸ್ತ್ರವೇ ಮದುವೆಯ ಉಡುಪು. ಈ ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಲ್ಲಿ ಒಂದೂ ಇಲ್ಲ. ಶಾಲಾ ಸಮವಸ್ತ್ರಕ್ಕೂ ಇದು ಅನ್ವಯಿಸುತ್ತದೆಂದು ತರ್ಕಶಾಸ್ತ್ರದ ಗೆಳೆಯರೊಬ್ಬರು ಆಕ್ಷೇಪಿಸಿದರು. ಸಮವಸ್ತ್ರವನ್ನು ಮರುದಿನವೂ ಉಡುತ್ತಾರೆಂದು ಹೇಳಿ ಅವರ ಬಾಯಿ ಮುಚ್ಚಿಸಲಾಯಿತು.

ಆಕರಗಳು ಮತ್ತು ವಿಧಾನ

ಆಕರಗಳು ನಾಲ್ಕು ಬಗೆ: ಶಿಲೆ, ಕಾವ್ಯ, ಫೋಟೋ ಆಲ್ಬಂ ಮತ್ತು ಚಿಕ್ಕಮ್ಮ. ಮೊದಲ ಮೂರು ಸುಳ್ಳು ಹೇಳುವುದು ಅಪರೂಪ, ವಿಷಯ ಹೇಳುವುದೂ ಅಪರೂಪ. ನಾಲ್ಕನೆಯದು ಎರಡರಲ್ಲೂ ಧಾರಾಳಿ.

ಗ್ರಂಥಸಂಪಾದನೆಯ ಕಷ್ಟವನ್ನೂ ಇಲ್ಲೇ ಹೇಳಿಬಿಡಬೇಕು. ಒಂದೇ ಸೀರೆಯ ಬೆಲೆಗೆ ಮೂರು ಪಾಠಾಂತರಗಳಿರುತ್ತವೆ. ಬೀಗರ ಮುಂದೆ ಓದುವುದು ದೀರ್ಘಪಾಠ. ಗಂಡನ ಮುಂದೆ ಓದುವುದು ಹ್ರಸ್ವಪಾಠ. ಅಂಗಡಿಯ ರಸೀದಿಯಲ್ಲಿರುವುದು ಮೂಲಪಾಠ. ಈ ಮೂಲಪಾಠ ಬೀಗರೂಟ ಮುಗಿಯುವುದರೊಳಗೆ ಲುಪ್ತವಾಗುವುದರಿಂದ ಉಳಿದೆರಡನ್ನು ಕೂಡಿಸಿ ಎರಡರಿಂದ ಭಾಗಿಸುವ ಪದ್ಧತಿಯನ್ನು ಅನುಸರಿಸಿದ್ದೇವೆ.

ಪ್ರತಿ ಯುಗಕ್ಕೂ ಒಂದು ನಮೂನೆ ತುಂಬಲಾಗಿದೆ. ಬಟ್ಟೆ, ಬಣ್ಣ, ಬೆಲೆ, ಆರಿಸಿದವರು ಎಂಬ ಕಾಲಂಗಳ ಜೊತೆಗೆ ಜಾಗ ಉಳಿಯಿತೆಂಬ ಒಂದೇ ಕಾರಣಕ್ಕೆ ‘ವಧುವಿನ ಅಭಿಪ್ರಾಯ’ ಎಂಬ ಕೊನೆಯ ಕಾಲಂ ಸೇರಿಸಿದೆವು.

ಒಂದನೆಯ ಅಧ್ಯಾಯ: ಪುರಾಣ ಯುಗ

ದೇವಾಂಗ ಸಮಾಜದ ಪುರಾಣದ ಪ್ರಕಾರ ಸೃಷ್ಟಿಯ ಆದಿಯಲ್ಲಿ ದೇವತೆಗಳಿಗೇ ಬಟ್ಟೆ ಇರಲಿಲ್ಲ. ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದು, ದೇವಿ ಚೌಡೇಶ್ವರಿಯ ರಕ್ಷಣೆಯಲ್ಲಿ ನೆಯ್ದು ಮೂರು ಲೋಕಕ್ಕೂ ಹಂಚಿದ. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಜಗತ್ತಿನ ಮೊದಲ ಕುಲಕಸುಬು ನೇಯ್ಗೆ. ಎರಡನೆಯದು, ಜಗತ್ತಿನ ಮೊದಲ ಜವಳಿ ವ್ಯವಹಾರವೇ ಉದ್ರಿಯದು, ಏಕೆಂದರೆ ದೇವತೆಗಳು ದುಡ್ಡು ಕೊಟ್ಟರೆಂದು ಪುರಾಣದ ಯಾವ ಭಾಗದಲ್ಲೂ ಇಲ್ಲ. ಕೊಳ್ಳೇಗಾಲದ ದೇವಾಂಗಪೇಟೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹಿರಿಯರೊಬ್ಬರ ಮುಂದೆ ಈ ಶೋಧವನ್ನಿಟ್ಟಾಗ ಅವರು ಲಾಳಿ ನಿಲ್ಲಿಸದೆಯೇ, “ಅದ್ಯಾವ ಹೊಸ ಇಸ್ಯ ಸಾ? ಈಗ್ಲೂ ಹಂಗೇ ಕನಾ ನಡೀತಿರಾದು” ಎಂದರು.

ಹನೂರು ಸೀಮೆಯ ವರನ ಉಡುಪಿನ ಇತಿಹಾಸದಲ್ಲಿ ದೊಡ್ಡದೊಂದು ಖಾಲಿ ಜಾಗವಿದೆ. ಆ ಸೀಮೆಯ ಒಡೆಯ ಮಲೆಯ ಮಾದಪ್ಪ ಹುಲಿಯೇರಿ ಎಪ್ಪತ್ತೇಳು ಮಲೆ ಸುತ್ತಿದನೇ ಹೊರತು ಹಸೆಮಣೆ ಏರಲಿಲ್ಲ. ಕಂಸಾಳೆಯವರು ಬೆಳಗಿನವರೆಗೆ ಹಾಡುವ ಸಾಲುಗಳಲ್ಲಿ ಅವನ ಹುಲಿಯಿದೆ, ಜೋಳಿಗೆಯಿದೆ, ಬಾಸಿಂಗ ಮಾತ್ರವಿಲ್ಲ.

ಆ ಕೊರತೆಯನ್ನು ಬಿಳಿಗಿರಿರಂಗ ತುಂಬಿಕೊಟ್ಟಿದ್ದಾನೆ. ಅವನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು. ಇಂದಿಗೂ ಸೋಲಿಗರಿಗೆ ಅವನು ರಂಗಭಾವ. ಈ ವರನ ಪಾದರಕ್ಷೆಗೆ ಮಾತ್ರ ನಮ್ಮಲ್ಲಿ ಭೌತಿಕ ಸಾಕ್ಷ್ಯವಿದೆ. ಚರ್ಮದ ಕೆಲಸದ ಭಕ್ತರು ಎರಡು ವರ್ಷಕ್ಕೊಮ್ಮೆ ಭಾರಿ ಗಾತ್ರದ ಹೊಸ ಚಪ್ಪಲಿ ಹೊಲಿದು ಬೆಟ್ಟಕ್ಕೆ ತಂದೊಪ್ಪಿಸುತ್ತಾರೆ. ಅಷ್ಟರಲ್ಲಿ ಹಳೆಯದು ಸವೆದಿರುತ್ತದೆ, ರಂಗಪ್ಪ ರಾತ್ರಿ ಕಾಡು ಸುತ್ತುತ್ತಾನೆಂಬ ನಂಬಿಕೆಯಿದೆ. ಮದುವೆಯ ಚಪ್ಪಲಿಯನ್ನು ಆರತಕ್ಷತೆ ಮುಗಿದ ಮೇಲೂ ಹಾಕಿಕೊಂಡು ತಿರುಗಿದ ವರ ಈ ಮೂರು ತಾಲ್ಲೂಕಿನಲ್ಲಿ ಇವನೊಬ್ಬನೇ.

ಸೋಲಿಗರ ಮದುವೆಯ ಪದ್ಧತಿಯೂ ಶಾಸ್ತ್ರಜ್ಞರ ಗಮನಕ್ಕೆ ತಕ್ಕದ್ದು. ಒಪ್ಪಿದ ಹುಡುಗ ಹುಡುಗಿ ಕಾಡಿಗೆ ಓಡಿಹೋಗುತ್ತಾರೆ, ಕೆಲವು ದಿನ ಕಳೆದು ಪೋಡೆಂಬ ತಮ್ಮ ಹಾಡಿಗೆ ಮರಳುತ್ತಾರೆ, ಹಿರಿಯರು ಕೂತು ತೆರ ಇತ್ಯರ್ಥ ಮಾಡಿ ಮದುವೆಯೆಂದು ಒಪ್ಪುತ್ತಾರೆ. ಇಲ್ಲಿ ಜವಳಿ ತೆಗೆಯುವ ಪ್ರಶ್ನೆಯೇ ಏಳದು, ಓಡುವಾಗ ಮೈಮೇಲಿದ್ದುದೇ ಮದುವೆ ಉಡುಪು. ನಮ್ಮ ನಮೂನೆಯ ಕೊನೆಯ ಕಾಲಂ ಸಲೀಸಾಗಿ ತುಂಬಿದ್ದು ಇದೊಂದೇ ಕಡೆ.

*ವಧುವಿನ ಅಭಿಪ್ರಾಯ:* ಓಡಿಹೋಗಿದ್ದಾಳೆ. ಅದೇ ಅಭಿಪ್ರಾಯ.

ಎರಡನೆಯ ಅಧ್ಯಾಯ: ಶಿಲಾ-ಕಾವ್ಯ ಯುಗ

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದು, ಅದರಲ್ಲಿ ರಾಜನ ವಸ್ತ್ರೋಪಭೋಗಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟ. ಬಟ್ಟೆಯ ವಿಷಯದಲ್ಲಿ ಗಂಡಸರಿಗೆ ಆಸಕ್ತಿಯಿಲ್ಲವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಕಲ್ಯಾಣ ದೂರ, ನಾವು ಯಳಂದೂರಿಗೆ ಬರೋಣ.

ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ 1654ರ ಸುಮಾರಿಗೆ ಕಟ್ಟಿದ ಬಳೆಮಂಟಪವಿದೆ. ಅದರ ಮೂಲೆಗಳಲ್ಲಿ ಒಂದರೊಳಗೊಂದು ಕೊಕ್ಕೆ ಹಾಕಿಕೊಂಡ ಕಲ್ಲಿನ ಬಳೆಗಳ ಸರಪಳಿ ತೂಗಾಡುತ್ತದೆ. ಶಿಲ್ಪಶಾಸ್ತ್ರದವರು ಇದನ್ನು ಕಲ್ಲುಕುಟಿಗರ ಕೈಚಳಕವೆಂದು ಹೊಗಳಿ ಸುಮ್ಮನಾಗಿದ್ದಾರೆ. ಉಡುಪಿನ ಶಾಸ್ತ್ರಕ್ಕೆ ಇದು ಸಾಲದು. ಮದುಮಗಳ ಕೈಗೆ ಎಷ್ಟು ಬಳೆ ಹೇರಬಹುದೆಂದು 17ನೇ ಶತಮಾನದ ಬೀಗರಲ್ಲಿ ವಾದವೆದ್ದು, ಮುಂಗೈ ಸಾಲದೆ ಮಿಕ್ಕವನ್ನು ಮಂಟಪಕ್ಕೆ ತೊಡಿಸಿರಬೇಕೆಂಬುದು ನಮ್ಮ ಸಿದ್ಧಾಂತ. ಮಂಟಪ ಇಂದಿಗೂ ನಿಂತಿರುವುದರಿಂದ ತೂಕ ಹೊರಬಲ್ಲದೆಂಬುದೂ ಸಿದ್ಧವಾಗಿದೆ.

ಇದೇ ಯಳಂದೂರಿನ ಹೆಣ್ಣುಮಗಳು ಸಂಚಿ ಹೊನ್ನಮ್ಮ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ರಾಣಿ, ಯಳಂದೂರಿನವರೇ ಆದ ದೇವಾಜಮ್ಮಣ್ಣಿಯವರಿಗೆ ಎಲೆ ಅಡಿಕೆ ಸಂಚಿ ಹಿಡಿಯುವ ಊಳಿಗ ಅವಳದು. ಆ ಊಳಿಗದ ನಡುವೆಯೇ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಇವತ್ತು ಆರತಕ್ಷತೆಯ ವೇದಿಕೆಯಲ್ಲಿ ಮದುಮಗಳ ಪಕ್ಕದಲ್ಲಿ ನಿಂತು ಅವಳ ಹೊಳೆಯುವ ಪರ್ಸು, ಫೋನು, ಕರ್ಚೀಫು ಹಿಡಿದಿರುವ ನಾದಿನಿ ಈ ಪರಂಪರೆಯ ಕುಡಿ. ಸಂಚಿ ಹಿಡಿದ ಅವಳು ಕಾವ್ಯ ಬರೆದಳು, ಪರ್ಸು ಹಿಡಿದ ಇವಳು ರೀಲ್ಸ್ ಮಾಡುತ್ತಾಳೆ. ಹೆಂಡತಿಯಾದವಳು ನಡೆಯಬೇಕಾದ ದಾರಿಯನ್ನೆಲ್ಲ ಹೊನ್ನಮ್ಮ ವಿವರಿಸಿದ್ದಾಳೆ, ಹೆಣ್ಣೆಂದು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸಿದ್ದಾಳೆ. ರಾಣಿಯ ಧಾರೆಸೀರೆಗೆ ಎಷ್ಟಾಯಿತೆಂದು ಮಾತ್ರ ಬಾಯಿ ಬಿಟ್ಟಿಲ್ಲ. ಅರಮನೆಯಲ್ಲಿ ಕೆಲಸ ಉಳಿಸಿಕೊಳ್ಳುವ ಹದ ಅವಳಿಗೆ ಗೊತ್ತಿತ್ತು.

*ವಧುವಿನ ಅಭಿಪ್ರಾಯ:* ರಾಣಿಯವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ದಾಖಲೆ ಇಲ್ಲ.

ಮೂರನೆಯ ಅಧ್ಯಾಯ: ಕೊಯಮತ್ತೂರು ಯುಗ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಎರಡೂರಿನ ನಡುವಿನ ದಾರಿ ಎತ್ತಿನ ಗಾಡಿಗೆ ಅರ್ಧ ದಿನದ್ದೂ ಅಲ್ಲ. ಆದರೂ ಆ ಹೊತ್ತಿನಿಂದ ಕೊಳ್ಳೇಗಾಲದ ಹೆಣ್ಣು ಯಳಂದೂರಿನ ಸೊಸೆಯಾಗುವುದೆಂದರೆ ಒಂದು ಸರ್ಕಾರ ಬಿಟ್ಟು ಇನ್ನೊಂದಕ್ಕೆ ಕಾಲಿಡುವುದಾಯಿತು. ಅವಳ ಟ್ರಂಕಿನಲ್ಲಿದ್ದ ಪಟ್ಟೆಸೀರೆಗಳು ಶಾಸ್ತ್ರೋಕ್ತವಾಗಿ ಆಮದು ಸರಕು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಹನೂರಿನ ದಾರಿಯಾಗಿ ಕೊಯಮತ್ತೂರು ಸೀಮೆಗೆ ಇಳಿದ. ಹೊಲ, ಕೆರೆ, ಮಗ್ಗ, ಜಾತಿ, ಮದುವೆಯ ಕಟ್ಟಳೆ, ಬೆಲೆ ಹೀಗೆ ಕಂಡದ್ದನ್ನೆಲ್ಲ ಬರೆದುಕೊಂಡ. 1807ರಲ್ಲಿ ಮೂರು ಸಂಪುಟ ಅಚ್ಚಾದವು. ಊರೂರಿಗೆ ಹೋಗಿ ಬಟ್ಟೆಯ ಬೆಲೆ ವಿಚಾರಿಸಿ, ಒಂದನ್ನೂ ಕೊಳ್ಳದೆ ಎದ್ದುಬಂದ ಗಿರಾಕಿಗಳಲ್ಲಿ ಬುಕಾನನ್ ಆದ್ಯನೆನ್ನಬಹುದು. ಆ ಸಂಪ್ರದಾಯವನ್ನು ಬೆಂಗಳೂರಿನ ಕುಟುಂಬಗಳು ಶನಿವಾರ ಭಾನುವಾರಗಳಂದು ಶ್ರದ್ಧೆಯಿಂದ ಮುಂದುವರಿಸಿವೆ.

ಅತ್ತ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ 1804ರ ಹೊತ್ತಿಗೆ ಜೋಸೆಫ್ ಮಾರಿ ಜಕಾರ್ಡ್ ಒಂದು ಯಂತ್ರ ಕಟ್ಟಿದ. ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಸಾಲಾಗಿ ಪೋಣಿಸಿ ಮಗ್ಗದ ಮೇಲೆ ಕೂರಿಸಿದರೆ, ಯಾವ ಹಾಸಿನ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂಬುದನ್ನು ಆ ತೂತುಗಳೇ ಹೇಳುತ್ತವೆ. ಲಾಳಿ ಹೊಕ್ಕು ಹಾಕುತ್ತ ಹೋದಂತೆ ಸೆರಗಿನಲ್ಲಿ ನವಿಲು ಮೂಡುತ್ತದೆ. ಇದೇ ತೂತಿನ ಕಾರ್ಡನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎತ್ತಿಕೊಂಡ. ಹೀಗಾಗಿ ಸೆರಗಿನ ನವಿಲು ಕಂಪ್ಯೂಟರಿನ ಮುತ್ತಾತ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ವರನಿಗೆ ಕೊಳ್ಳೇಗಾಲದ ಸೀರೆಯುಟ್ಟ ವಧು ಸಿಕ್ಕರೆ ಸಗೋತ್ರ ವಿವಾಹವಾಗುವುದಿಲ್ಲವೇ ಎಂಬುದನ್ನು ಪುರೋಹಿತರು ಪರಿಶೀಲಿಸಬೇಕು.

ಇನ್ನು ಎರಡನೇ ಮಹಾಯುದ್ಧ. ಜಪಾನಿನ ರೇಷ್ಮೆ ನಿಂತುಹೋದದ್ದರಿಂದ ಬ್ರಿಟಿಷರಿಗೆ ಪ್ಯಾರಾಚೂಟಿನ ಬಟ್ಟೆಗೆ ಭಾರತದ ರೇಷ್ಮೆ ಬೇಕಾಯಿತು. ಇಂಗ್ಲೆಂಡಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ಪಡಿತರ ಇತ್ತು. ಅಲ್ಲಿನ ಮದುಮಕ್ಕಳು ಹಳೆಯ ಪ್ಯಾರಾಚೂಟು ಕತ್ತರಿಸಿ ಗೌನು ಹೊಲಿಸಿಕೊಂಡರು. 1947ರಲ್ಲಿ ಮದುವೆಯಾದ ರಾಜಕುಮಾರಿ ಎಲಿಜಬೆತ್ ಕೂಡ ಕೂಪನ್ ಲೆಕ್ಕದಲ್ಲೇ ಬಟ್ಟೆ ತೆಗೆದುಕೊಂಡಳು. ನಮ್ಮ ಸೀಮೆಯ ಹಿಪ್ಪುನೇರಳೆ ತಿಂದ ಹುಳುವಿನ ಎಳೆಯೊಂದು ವಿಮಾನದಿಂದ ಹಾರಿ, ಯೋಧನ ಜೀವ ಉಳಿಸಿ, ಆಮೇಲೆ ಅವನ ಹೆಂಡತಿಯಾಗುವವಳ ಗೌನಾಗಿರಲಾರದೇ? ಆಗಿದ್ದರೆ ವಿಕ್ಟೋರಿಯಾ ಕಡೆಯವರು ಬಿಳಿ ಬಣ್ಣದ ಸಾಲ ತೀರಿಸಿದ್ದಾರೆಂದು ಲೆಕ್ಕ ಚುಕ್ತಾ ಮಾಡಬಹುದು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಬೀಗರಿಬ್ಬರೂ ಒಂದೇ ಸರ್ಕಾರದ ಕೆಳಗೆ ಬಂದರು. ಅದರಿಂದ ಬೀಗರ ನಡುವೆ ಐಕ್ಯ ಮೂಡಿತೆಂಬುದಕ್ಕೆ ಆಧಾರವಿಲ್ಲ.

*ವಧುವಿನ ಅಭಿಪ್ರಾಯ:* ಬುಕಾನನ್ ಗೌಡರನ್ನು ಕೇಳಿದ, ಶಾನುಭೋಗರನ್ನು ಕೇಳಿದ. ದಾಖಲೆ ಇಲ್ಲ.

ನಾಲ್ಕನೆಯ ಅಧ್ಯಾಯ: ಹುಳುಕಾಂಡ

ಮದುವೆ ಸೀರೆಯ ಇತಿಹಾಸ ಬರೆದವರೆಲ್ಲ ನೇಕಾರರಲ್ಲಿಗೆ ಬಂದು ನಿಲ್ಲುತ್ತಾರೆ. ನಾವು ಇನ್ನೂ ಆಳಕ್ಕಿಳಿದು ಹುಳುವಿನವರೆಗೆ ಹೋಗಿದ್ದೇವೆ.

ರೇಷ್ಮೆಹುಳುವಿನ ಆಯಸ್ಸು ನಾಲ್ಕು ಜ್ವರದ ಲೆಕ್ಕ. ಪ್ರತಿ ಜ್ವರಕ್ಕೂ ಹುಳು ತಲೆಯೆತ್ತಿ ಅಲುಗದೆ ಕೂತು, ಹಳೆಯ ಚರ್ಮ ಕಳಚಿ, ದೊಡ್ಡದಾಗುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಮೇಯುತ್ತದೆ. ಸಾಕುವ ಮನೆಯವರಿಗೆ ಆ ವಾರ ನಿದ್ದೆಯಿಲ್ಲ. ಇಪ್ಪತ್ತೈದು ದಿನ ದಾಟುವಾಗ ಹುಳು ಹಣ್ಣಾಗಿ, ಚಂದ್ರಿಕೆಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಎಳೆ ಇರುತ್ತದೆ. ಆರೇಳು ಕೆಜಿ ಗೂಡು ಬಿಚ್ಚಿದರೆ ಒಂದು ಕೆಜಿ ನೂಲು. ಅದನ್ನು ಹುರಿ ಮಾಡಿ, ಸೋಪಿನ ನೀರಲ್ಲಿ ಬೇಯಿಸಿ ಅಂಟು ತೆಗೆಯುವಾಗ ತೂಕದ ಕಾಲುಭಾಗದಷ್ಟು ಹೋಗುತ್ತದೆ. ಒಂದು ಗಟ್ಟಿ ಧಾರೆಸೀರೆಗೆ ಎರಡು ಸಾವಿರಕ್ಕೂ ಮೇಲೆ ಗೂಡು ಬೇಕು.

ಇಲ್ಲಿಯವರೆಗಿನದು ರೇಷ್ಮೆ ಇಲಾಖೆಯ ಪಾಠ. ಮುಂದಿನದು ನಮ್ಮ ಸ್ವಂತ ಸಂಶೋಧನೆ. ಹುಳು ಗೂಡು ಕಟ್ಟುವುದು ಏಕೆ? ಒಳಗೆ ಕೂತು ಚಿಟ್ಟೆಯಾಗಿ ಹೊರಬರಲು. ಚಿಟ್ಟೆ ಹೊರಬಂದು ಏನು ಮಾಡುತ್ತದೆ? ಅದು ಉಣ್ಣುವುದಿಲ್ಲ, ಸಂಗಾತಿಯನ್ನು ಕೂಡಿ ಮೊಟ್ಟೆಯಿಟ್ಟು ಸಾಯುತ್ತದೆ. ಅಂದರೆ ಆ ಇಡೀ ಜನ್ಮದ ಜ್ವರ, ಉಪವಾಸ, ಮೇಯಾಟವೆಲ್ಲ ಒಂದೇ ಒಂದು ಮದುವೆಯ ತಯಾರಿ. ಆ ಗೂಡೆಂಬುದು ಅದರ ಮದುವೆ ಬಟ್ಟೆ. ಚಿಟ್ಟೆ ತೂತು ಕೊರೆದರೆ ಎಳೆ ತುಂಡಾಗುತ್ತದೆಂದು ನಾವು ಮೊದಲೇ ಗೂಡಿಗೆ ಬಿಸಿಹಬೆ ಹಾಯಿಸಿ, ಕುದಿನೀರಿಗೆ ಹಾಕುತ್ತೇವೆ. ಹೀಗಾಗಿ ಛತ್ರದಲ್ಲಿ ನಡೆಯುವ ಒಂದು ಮದುವೆಗಾಗಿ ಎ‌ರಡು ಸಾವಿರ ಹುಳುಗಳ ಮದುವೆ ಮುರಿದುಬೀಳುತ್ತದೆ. ಅಷ್ಟು ಮನೆಯ ಶಾಪ ಹೊತ್ತ ಸೀರೆಯನ್ನುಟ್ಟು ಕೂತರೂ ನಮ್ಮ ದಾಂಪತ್ಯಗಳು ಇಷ್ಟರ ಮಟ್ಟಿಗೆ ಬಾಳಿ ಬರುತ್ತಿರುವುದು ಮಾದಪ್ಪನ ಕೃಪೆ.

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ, ಪಕ್ಕದ ಸಂತೇಮರಹಳ್ಳಿಯಲ್ಲಿ ಸರ್ಕಾರಿ ನೂಲು ಬಿಚ್ಚಣಿಕೆ ಕಾರ್ಖಾನೆಗಳನ್ನು ಕಟ್ಟಿದ್ದರು. ಬಿಸಿನೀರಿನಲ್ಲಿ ಬೆರಳದ್ದಿ ಎಳೆ ಹುಡುಕುವ ಕೆಲಸದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಊರಿನವರ ಸೀರೆಗಾಗಿ ಬೆರಳು ಬೆಂದವರ ಮೈಮೇಲೆ ಕೆಲಸದ ದಿನ ನೂಲಿನ ಸೀರೆಯಿರುತ್ತಿತ್ತು. ರೇಷ್ಮೆಯ ಚರಿತ್ರೆಯಲ್ಲಿ ಇವರ ಉಡುಪಿಗೊಂದು ಅಧ್ಯಾಯ ಬೇಕಿತ್ತು, ಘನ ಪ್ರಬಂಧಗಳಲ್ಲಿ ಅದಕ್ಕೆ ಜಾಗವಿರುವುದಿಲ್ಲ.

*ವಧುವಿನ ಅಭಿಪ್ರಾಯ:* ಹೆಣ್ಣುಹುಳು ಕುದಿನೀರಿನಲ್ಲಿತ್ತು. ದಾಖಲೆ ಇಲ್ಲ.

ಐದನೆಯ ಅಧ್ಯಾಯ: ವರನ ಉಡುಪು, ಬಹಳ ಚಿಕ್ಕದಾಗಿ

ಪಂಚೆ, ಶಲ್ಯ, ಪೇಟ. ಬಹುಕಾಲ ಇಷ್ಟೇ. ಆಮೇಲೆ ಟೆರಿಲಿನ್ ಬಂತು. ಇಂಗ್ಲೆಂಡಿನಲ್ಲಿ 1941ರಲ್ಲಿ ಹುಟ್ಟಿದ ಈ ಪಾಲಿಯೆಸ್ಟರ್ ನೂಲು ಹತ್ತಿಯೊಡನೆ ಬೆರೆತು, ಟೆರಿಕಾಟಾಗಿ, ಬೆಲ್‌ಬಾಟಂ ಪ್ಯಾಂಟಾಗಿ, ಸಫಾರಿಯಾಗಿ, ಕೊನೆಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಚಪ್ಪರದ ಕೆಳಗೆ ಮೂರು ತುಂಡಿನ ಸೂಟಾಗಿ ವರನನ್ನು ಸುತ್ತಿಕೊಂಡಿತು. ಆಲ್ಬಂಗಳಲ್ಲಿ ಆ ಕಾಲದ ವರರ ಮುಖದಲ್ಲಿ ಕಾಣುವ ಹೊಳಪನ್ನು ದಾಂಪತ್ಯದ ಸಂತೋಷವೆಂದು ಕೆಲವರು ವ್ಯಾಖ್ಯಾನಿಸಿದ್ದಾರೆ. ಅದು ಬೆವರು.

ಈಚೆಗೆ ಪಂಚೆ ಮರಳಿ ಬಂದಿದೆ, ಉಡಲು ಬರುವವರು ಮರಳಿ ಬಂದಿಲ್ಲ. ಈ ಬಿಕ್ಕಟ್ಟನ್ನು ಬಗೆಹರಿಸಿದವನು ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್. ಬೇಟೆಗೆ ಹೋದಾಗ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ವೆಲ್ಕ್ರೋ ಕಂಡುಹಿಡಿದು 1955ರಲ್ಲಿ ಹಕ್ಕುಪತ್ರ ಪಡೆದ. ಸಪ್ತಪದಿಯ ಏಳೂ ಹೆಜ್ಜೆ ಇವತ್ತು ಆ ನಾಯಿಯ ಪುಣ್ಯದಿಂದ ಮಾನವಾಗಿ ಮುಗಿಯುತ್ತಿವೆ.

*ವಧುವಿನ ಅಭಿಪ್ರಾಯ:* ನಕ್ಕಿದ್ದಾಳೆಂದು ವಿಡಿಯೋದಲ್ಲಿ ದಾಖಲಾಗಿದೆ. ಕಾರಣ ನಮೂದಾಗಿಲ್ಲ.

ಆರನೆಯ ಅಧ್ಯಾಯ: ಪರದೇಶಕಾಂಡ

ಹನೂರು ಸೀಮೆಯನ್ನು ಒಂದೇ ಸೀರೆಯಲ್ಲಿ ಸುತ್ತಲಾಗದು. 1970ರ ದಶಕದಲ್ಲಿ ಒಡೆಯರಪಾಳ್ಯದ ಬಳಿ ಟಿಬೆಟನ್ ನಿರಾಶ್ರಿತರು ನೆಲೆನಿಂತರು. ಅಲ್ಲಿನ ಮದುಮಗಳು ಉಡುವುದು ಚುಬಾ, ಮದುವೆಯಾದವಳೆಂದು ತೋರಿಸುವುದು ಸೊಂಟದ ಮುಂದೆ ಕಟ್ಟುವ ಪಟ್ಟೆಪಟ್ಟೆಯ ಪಂಗ್ಡೆನ್. ಹಬ್ಬ ಮದುವೆಗಳ ಭಾರಿ ಕಿಂಕಾಪು ಬಟ್ಟೆಯನ್ನು ಟಿಬೆಟನ್ನರಿಗಾಗಿ ಬನಾರಸಿನ ನೇಕಾರರು ತಲೆಮಾರುಗಳಿಂದ ನೆಯ್ದು ಕೊಡುತ್ತಿದ್ದಾರೆ. ಹಿಮಾಲಯದಾಚೆಯ ಚಳಿಗೆಂದು ಹುಟ್ಟಿದ ಉಡುಪು, ಗಂಗೆಯ ದಡದ ರೇಷ್ಮೆ, ಹನೂರಿನ ಬಿಸಿಲು: ಇಂಥ ತ್ರಿವೇಣಿ ಸಂಗಮ ಪ್ಯಾರಿಸಿನ ಯಾವ ಫ್ಯಾಷನ್ ಷೋದಲ್ಲೂ ಸಿಗದು.

ಅಲ್ಲಿಂದ ಮುಂದೆ ಮಾರ್ಟಳ್ಳಿ ಕಡೆ ಹೋದರೆ ಕ್ರೈಸ್ತರ ಊರುಗಳು. ಇಗರ್ಜಿಯ ಮದುಮಗಳು ಬಿಳಿ ಸೀರೆ ಉಟ್ಟು, ತಲೆಗೆ ಬಿಳಿಯ ಮುಸುಕು ಹಾಕಿರುತ್ತಾಳೆ. ಪೀಠಿಕೆಯಲ್ಲಿ ಕೊಳ್ಳೇಗಾಲದಿಂದ ಲಂಡನ್ನಿಗೆ ಕಳುಹಿಸಿದ್ದ ಬಿಳಿ ಬಣ್ಣ ಪಾದ್ರಿಗಳ ಮೂಲಕ ಹನೂರಿಗೆ ವಾಪಸಾದದ್ದು ಹೀಗೆ. ನಮ್ಮ ವಾದಕ್ಕೆ ಇದಕ್ಕಿಂತ ಸುತ್ತುಬಳಸಿನ ಪುರಾವೆ ಬೇಕೇ?

*ವಧುವಿನ ಅಭಿಪ್ರಾಯ:* ಮೂರು ಭಾಷೆಗಳಲ್ಲಿ ಕೇಳಲಾಯಿತು. ಮೂರರಲ್ಲೂ ಅವಳ ಪರವಾಗಿ ಅತ್ತೆ ಉತ್ತರಿಸಿದರು.

ಏಳನೆಯ ಅಧ್ಯಾಯ: ರವಿಕೆಯ ದಂಗೆ ಮತ್ತು ರವಿಕೆ ಕಣದ ಅರ್ಥಶಾಸ್ತ್ರ

ಅನಾದಿಯಿಂದ ಸೀರೆ ಒಡತಿ, ರವಿಕೆ ತೊತ್ತು. ಸೀರೆಯ ಜೊತೆಗೇ ಬರುತ್ತಿದ್ದ ತುಂಡಿನಲ್ಲಿ ಬೀದಿಯ ದರ್ಜಿ ಹೊಲಿದು ಕೊಟ್ಟದ್ದೇ ರವಿಕೆ. ನಮ್ಮ ಕಾಲದಲ್ಲಿ ಅದು ದಂಗೆಯೆದ್ದಿದೆ. ಆರಿ ವರ್ಕು, ಮಣಿ, ಕುಂದಣ, ಬೆನ್ನ ಮೇಲೆ ಪಲ್ಲಕ್ಕಿ, ತೋಳ ಮೇಲೆ ಆನೆ. ದರ್ಜಿಗೆ ತಿಂಗಳು ಮೊದಲೇ ಮುಂಗಡ ಕೊಟ್ಟು ಕೈಮುಗಿಯಬೇಕು. ಕೆಲವು ಮದುವೆಗಳಲ್ಲಿ ರವಿಕೆಯ ಕೂಲಿ ಸೀರೆಯ ಬೆಲೆಯನ್ನೂ ಮೀರಿಸುತ್ತದೆ. ಸೆರಗಿನ ಕುಚ್ಚಿಗೆ ಬೇರೆ ರೇಟು, ನೆರಿಗೆ ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿ ಮಡಿಸಿ ಕೊಡುವುದಕ್ಕೆ ಬೇರೆ ರೇಟು. ನೆಯ್ದವನಿಗಿಂತ ಮಡಿಸಿದವನಿಗೆ ದುಡಿಮೆ ಹೆಚ್ಚಾಗುವ ಹಂತಕ್ಕೆ ನಾಗರಿಕತೆ ಬಂದು ಮುಟ್ಟಿದೆ.

ಹೊಲಿಯದ ರವಿಕೆ ಕಣದ ಕಥೆ ಇದಕ್ಕಿಂತ ಗಂಭೀರ. ಮಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞ 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳ ‘ಕುಲ’ ಪದ್ಧತಿಯನ್ನು ವಿವರಿಸಿದ್ದಾನೆ. ಅಲ್ಲಿ ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ, ಚಿಪ್ಪಿನ ತೋಳಬಳೆಗಳು ಎದುರು ದಿಕ್ಕಿನಲ್ಲಿ ಸುತ್ತುತ್ತಿರುತ್ತವೆ. ಯಾರೂ ಇಟ್ಟುಕೊಳ್ಳುವುದಿಲ್ಲ, ಎಲ್ಲರೂ ಮುಂದಕ್ಕೆ ದಾಟಿಸುತ್ತಾರೆ, ಇದರಿಂದಲೇ ಸಂಬಂಧಗಳು ಉಳಿಯುತ್ತವೆ. ಆತ ಅಷ್ಟು ದೂರ ದೋಣಿಯಲ್ಲಿ ಹೋಗಬೇಕಾಗಿರಲಿಲ್ಲ. ಕೊಳ್ಳೇಗಾಲದ ಮದುವೆಯಲ್ಲಿ ಮಡಿಲಿಗೆ ಬಿದ್ದ ಹಸಿರು ಕಣ ಹನೂರಿನ ಗೃಹಪ್ರವೇಶಕ್ಕೆ ಹೋಗಿ, ಯಳಂದೂರಿನ ಸೀಮಂತಕ್ಕೆ ದಾಟಿ, ಗೌರಿಹಬ್ಬದ ಬಾಗಿನದಲ್ಲಿ ತವರಿಗೇ ಮರಳುತ್ತದೆ. ಅದನ್ನು ಹೊಲಿಸಿ ತೊಟ್ಟವಳು ಚಲಾವಣೆಯ ನಾಣ್ಯವನ್ನು ಕರಗಿಸಿದ ತಪ್ಪಿಗೆ ಗುರಿಯಾಗುತ್ತಾಳೆ. ಅಷ್ಟಕ್ಕೂ ಆ ಕಣ ಒಂದು ತೋಳಿಗೂ ಸಾಲುವುದಿಲ್ಲ.

*ವಧುವಿನ ಅಭಿಪ್ರಾಯ:* ‘ಉಸಿರಾಡಲು ಆಗುತ್ತಿಲ್ಲ’ ಎಂದಳು. ರವಿಕೆಯ ಬಗ್ಗೆಯೋ ಮದುವೆಯ ಬಗ್ಗೆಯೋ ಸ್ಪಷ್ಟವಿಲ್ಲ.

ಎಂಟನೆಯ ಅಧ್ಯಾಯ: ಸರ್ಕಾರಿ ಮತ್ತು ಡ್ರೋನ್ ಯುಗ

ಉಡುಪಿನ ವೆಚ್ಚಕ್ಕೆ ಕಡಿವಾಣ ಹಾಕಿದವರೂ ಉಂಟು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದರು. ನಮ್ಮ ಸೀಮೆಯ ಅನೇಕ ತಂದೆಯರು ಅದನ್ನು ಮನಸಾರೆ ಮೆಚ್ಚಿ, ಬೇರೆಯವರ ಮಕ್ಕಳಿಗೆ ಶಿಫಾರಸು ಮಾಡಿದ್ದಾರೆ.

ಮುಜರಾಯಿ ದೇವಾಲಯಗಳಲ್ಲಿ ಸಾಮೂಹಿಕ ಮದುವೆಗೆಂದು ರೂಪಿಸಿದ ‘ಸಪ್ತಪದಿ’ ಯೋಜನೆಯಲ್ಲಿ ಸರ್ಕಾರ ಶತಮಾನಗಳ ಗೊಂದಲಕ್ಕೆ ಅಂಕಿಯಲ್ಲೇ ಉತ್ತರ ಕೊಟ್ಟಿತು. ವರನ ಹಾರ, ಪಂಚೆ, ಅಂಗಿ, ಶಲ್ಯಕ್ಕೆ 5,000 ರೂಪಾಯಿ. ವಧುವಿನ ಹಾರ, ಧಾರೆಸೀರೆ, ರವಿಕೆ ಕಣಕ್ಕೆ 10,000 ರೂಪಾಯಿ. ತಾಳಿ, ಗುಂಡಿಗೆ 40,000. ಅಂದರೆ ಒಬ್ಬ ವಧು ಇಬ್ಬರು ವರರಿಗೆ ಸಮ ಎಂಬುದು ಆಗಿನ ಸರ್ಕಾರಿ ಲೆಕ್ಕ. ಸ್ತ್ರೀ ಸಮಾನತೆಯನ್ನು ನಮ್ಮ ಆಡಳಿತ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಮೀರಿಲ್ಲ. ಮೊದಲ ಮದುವೆಗಳನ್ನು 2020ರ ಏಪ್ರಿಲಿಗೆ ಇಟ್ಟುಕೊಂಡಿದ್ದರು, ಅಷ್ಟರಲ್ಲಿ ಕೊರೊನಾ ಬಂತು. ಮದುವೆಗೆ ಐವತ್ತು ಜನರ ಮಿತಿ ಬಿದ್ದು, ಸೀರೆಯ ಅಂಚಿಗೆ ಹೊಂದುವ ಮಾಸ್ಕು ಒಡವೆಯ ಪಟ್ಟಿಗೆ ಸೇರಿತು. ಐವತ್ತರಲ್ಲಿ ತಮ್ಮ ಹೆಸರಿಲ್ಲವೆಂದು ಮುನಿಸಿಕೊಂಡ ಚಿಕ್ಕಮ್ಮಂದಿರು ಇಂದಿಗೂ ನಮ್ಮ ಆಕರಗಳಾಗಲು ನಿರಾಕರಿಸುತ್ತಿದ್ದಾರೆ.

ಈಗಿನದು ಭರಚುಕ್ಕಿ ಯುಗ. ಮದುವೆಗೆ ಮೊದಲೇ ಜೋಡಿ ಶಿವನಸಮುದ್ರಕ್ಕೆ ಹೋಗಿ, ಬಾಡಿಗೆಯ ಗೌನು ತೊಟ್ಟು, ಭರಚುಕ್ಕಿ ಜಲಪಾತದ ಮುಂದೆ, ಡ್ರೋನಿನ ಕೆಳಗೆ ನಿಲ್ಲಬೇಕು. ಗೌನಿನ ಬಾಲ ಗಾಳಿಗೆ ಹಾರಬೇಕು. ಹಾರದಿದ್ದರೆ ಫೋಟೋಗ್ರಾಫರನ ಸಹಾಯಕ ಎತ್ತಿ ಎಸೆದು ಚೌಕಟ್ಟಿನಿಂದಾಚೆ ಓಡಬೇಕು. 1902ರಲ್ಲಿ ಇದೇ ನೀರಿನಿಂದ ಕರೆಂಟು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ಕಾವೇರಿ ಮೊದಲು ಮದುವೆಯ ಚಿನ್ನಕ್ಕೆ ದುಡಿದಳು, ಈಗ ಮದುವೆಯ ಬಟ್ಟೆಗೆ ದುಡಿಯುತ್ತಿದ್ದಾಳೆ.

*ವಧುವಿನ ಅಭಿಪ್ರಾಯ:* ‘ಮೇಡಂ, ಸ್ವಲ್ಪ ನಗಿ’ ಎಂದು ಫೋಟೋಗ್ರಾಫರ್ ಹೇಳಿದ. ಅಭಿಪ್ರಾಯ ಅವನದೇ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಈ ಪ್ರಬಂಧದ ಕರಡು ಓದಿದವರು, ನಾಲ್ಕು ಕಾಲಂ ತುಂಬಿ ಐದನೆಯದು ಖಾಲಿಯಿರುವ ಸಂಶೋಧನೆ ಅಪೂರ್ಣವೆಂದು ಆಕ್ಷೇಪಿಸಿದರು. ಆ ಕಾಲಂ ತುಂಬಲೆಂದೇ ಮುಹೂರ್ತದ ಸೀಜನ್ನಿನಲ್ಲಿ ಕೊಳ್ಳೇಗಾಲದ ಜವಳಿ ಅಂಗಡಿಯೊಂದಕ್ಕೆ ಹೋದೆವು. ಬಿಳಿ ಹಾಸಿನ ಮೇಲೆ ಸೀರೆಗಳ ಗುಡ್ಡೆ. ಸುತ್ತ ಕೂತವರಲ್ಲಿ ಹುಡುಗಿಯ ಅವ್ವ, ದೊಡ್ಡಮ್ಮ, ಇಬ್ಬರು ಸೋದರತ್ತೆಯರು, ಬೀಗಿತಿ, ಬೀಗಿತಿಯ ತಂಗಿ, ಹಣದ ಚೀಲ ಹಿಡಿದ ಅಪ್ಪ. ಬೀಗಿತಿಗೆ ಅಂಚು ದೊಡ್ಡದಿರಬೇಕು, ದೊಡ್ಡಮ್ಮನಿಗೆ ಜರಿ ಅಸಲಿಯಾಗಿರಬೇಕು, ಅಪ್ಪನಿಗೆ ಬೇಗ ಮುಗಿಯಬೇಕು. ಮದುಮಗಳು ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದಳು. ಎಲ್ಲ ಒಪ್ಪಿ, ಬಿಲ್ಲು ಬರೆದಾದ ಮೇಲೆ ನಮ್ಮ ನಮೂನೆ ಹಿಡಿದು ಅವಳ ಬಳಿ ಹೋದೆವು.

“ಎಲ್ಲಾರುವಿ ಆರ್ಸಾದ ಮ್ಯಾಲ ನನ್ನ ಕೇಳುದ್ರು ಸಾ, ಹೆಂಗದವ್ವ ಅಂತ. ಚೆಂದಾಗದ ಅಂದಿ. ಬಿಲ್ಲಾಗದ, ಇನ್ನೇನ ಅನ್ನಾದು?”

ಅಂಗಡಿಯಿಂದ ಹೊರಡುವಾಗ ದೇವಾಂಗಪೇಟೆಯ ಹಿರಿಯರನ್ನು ಮತ್ತೆ ಕಂಡು, ಅವರ ಮನೆಯ ಹೆಣ್ಣುಮಕ್ಕಳ ಮದುವೆಗೆ ತಾವೇ ನೆಯ್ದ ಸೀರೆ ಕೊಟ್ಟಿರಾ ಎಂದು ಕೇಳಿದೆವು. “ನೂಲೂ ಜರೀವೂ ಸಾವ್ಕಾರ್ರದು ಸಾ, ನಮ್ದು ಬರೀ ಕೂಲಿ” ಎಂದರು.

ಆದ್ದರಿಂದ ಸಿದ್ಧಾಂತ ಹೀಗಿದೆ. ಪುರಾಣದಿಂದ ಡ್ರೋನಿನವರೆಗೆ ಬಟ್ಟೆ ಬದಲಾಯಿತು, ಬಣ್ಣ ಬದಲಾಯಿತು, ಸರ್ಕಾರಗಳೂ ಬದಲಾದವು. ಆರಿಸುವ ಕೈ ಉಡುವ ಕೈಯಾಗಲಿಲ್ಲ, ನೆಯ್ಯುವ ಕೈಯೂ ಉಡುವ ಕೈಯಾಗಲಿಲ್ಲ. ಈ ಎರಡು ಅಂಶಗಳಲ್ಲಿ ನಮ್ಮ ಸೀಮೆಯ ಫ್ಯಾಷನ್ ಜಗತ್ತಿನಲ್ಲೇ ಅತ್ಯಂತ ಸ್ಥಿರವಾದದ್ದು.

ಶಿಫಾರಸುಗಳು

ಒಂದು: ಜವಳಿ ತೆಗೆಯುವ ದಿನ ಮದುಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸತಕ್ಕದ್ದು. ಜಾಗ ಸಾಲದಿದ್ದರೆ ಬೀಗಿತಿಯ ತಂಗಿಯನ್ನು ಸ್ಟೂಲಿಗೆ ಕಳುಹಿಸತಕ್ಕದ್ದು.

ಎರಡು: ಪ್ರತಿ ಧಾರೆಸೀರೆಯ ಒಳಮಡಿಕೆಯಲ್ಲಿ ನೆಯ್ದವರ ಹೆಸರು ನೆಯ್ದಿರತಕ್ಕದ್ದು. ಮಾರಿದವರ ಹೆಸರು ಈಗಾಗಲೇ ಚೀಲದ ಮೇಲೆ ಎರಡೂ ಕಡೆ ಇದೆ.

ಮೂರು: ಹೊಲಿಸಲಾಗದ ರವಿಕೆ ಕಣಗಳನ್ನು ರಿಸರ್ವ್ ಬ್ಯಾಂಕು ವಾಪಸು ಪಡೆಯತಕ್ಕದ್ದು.

ನಾಲ್ಕು: ‘ಹೆಂಗದವ್ವ’ ಎಂಬ ಪ್ರಶ್ನೆಯನ್ನು ಬಿಲ್ಲು ಬರೆಯುವ ಮೊದಲೇ ಕೇಳತಕ್ಕದ್ದು. ‘ಬ್ಯಾಡ’ ಎಂಬುದನ್ನೂ ಉತ್ತರವೆಂದು ಪರಿಗಣಿಸತಕ್ಕದ್ದು.

ಐದು: ಮೇಲಿನ ನಾಲ್ಕೂ ಜಾರಿಗೆ ಬಾರದೆ, ಸೀರೆಯೂ ವರನೂ ಒಪ್ಪಿಗೆಯಾಗದ ಸಂದರ್ಭದಲ್ಲಿ, ಮದುಮಗಳು ಮೊದಲನೆಯ ಅಧ್ಯಾಯದ ಕೊನೆಯ ಭಾಗವನ್ನು ಓದಿಕೊಳ್ಳತಕ್ಕದ್ದು. ಬಿಳಿಗಿರಿರಂಗನ ಬೆಟ್ಟಕ್ಕೆ ಯಳಂದೂರಿನಿಂದ ಬಸ್ಸಿದೆ.